ಬ್ರಾಕೆಟ್ಟಿನ ಡಾಕ್ಟರ್

"ನರ್ಸಿಂಗೂ ಪ್ರೀ-ಮೆಡ್ಡೇ," ಎಂದಳು ಒಫೆಲಿಯಾ, ಒಣಮೀನಿನ ಮುಳ್ಳು ಬಿಡಿಸಿ ತಟ್ಟೆಯ ಅಂಚಿಗೆ ಸಾಲಾಗಿ ಇಡುತ್ತ. "ನಾಲ್ಕು ವರ್ಷ ನರ್ಸಿಂಗ್ ಮುಗಿಸು. ಆಮೇಲೆ ಎಂಟ್ರೆನ್ಸ್ ಬರೆದು ಮೆಡಿಸಿನ್‌ಗೆ ಹೋಗು. ಬೇಡ ಅಂದವರು ಯಾರು?"

"ಬಯಾಲಜಿನೂ ಪ್ರೀ-ಮೆಡ್ಡೇ, ತೀತಾ. ನನಗೆ ಸೀಟು ಸಿಕ್ಕಿರೋದು ಅದಕ್ಕೆ," ಎಂದಳು ತಮ್ಮನ ಮಗಳು ಫ್ಲೋರಮಿ. ಸೋದರತ್ತೆಯನ್ನು ಅವಳು ತೀತಾ ಎನ್ನುತ್ತಿದ್ದಳು.

"ಸಿಕ್ತು ಅಂತ ಎತ್ಕೊಂಡು ಬರೋಕೆ ಅದೇನು ದಾರೀಲಿ ಬಿದ್ದ ಛತ್ರಿನಾ? ಬಯಾಲಜಿ ಓದಿ ಮೆಡಿಸಿನ್ ಸಿಗದೇ ಹೋದ್ರೆ ಏನು ಮಾಡ್ತೀಯ? ಸಂತೇಲಿ ಕೂತು ಕಪ್ಪೆ ಕುಯ್ತೀಯಾ?"

ಒಫೆಲಿಯಾಳ ತಾಯಿ ಲೋಲಾ ಪ್ರೆಸಿಂಗ್ ಕಿಸಕ್ಕನೆ ನಕ್ಕಳು. ಅಜ್ಜಿಯ ಬೊಚ್ಚುಬಾಯಿಂದ ಅನ್ನದ ಅಗುಳೊಂದು ಹಾರಿ ಮೇಜಿನ ಮೇಲೆ ಬಿತ್ತು. ಫ್ಲೋರಮಿಯ ಅಪ್ಪ ದಿಯೋನಿಂಗ್ ಕೂಡ ನಕ್ಕ. ಅಕ್ಕ ಮನೆಯಲ್ಲಿದ್ದಾಗ ಅವನು ಅವಳ ಮಾತಿಗೆ ಮೊದಲು ನಗುತ್ತಿದ್ದ, ಆಮೇಲೆ ಅರ್ಥ ಮಾಡಿಕೊಳ್ಳುತ್ತಿದ್ದ. ಫ್ಲೋರಮಿಯ ತಾಯಿ ನೆನಿತಾ ನಗಲಿಲ್ಲ. ಅವಳು ಮೇಜಿನ ಬಳಿಯೇ ಇರಲಿಲ್ಲ. ಒಲೆಯ ಮುಂದೆ ನಿಂತು ಎಲ್ಲರಿಗೂ ಎರಡನೇ ಸಲಕ್ಕೆ ಸಾರು ಬಿಸಿ ಮಾಡುತ್ತಿದ್ದಳು.

ಒಫೆಲಿಯಾ ರಿಯಾದ್‌ನಲ್ಲಿ ನರ್ಸು. ಎರಡು ವರ್ಷಕ್ಕೊಮ್ಮೆ ರಜೆಗೆ ತಿಗ್‌ಬವಾನ್‌ನ ಈ ಮನೆಗೆ ಬರುತ್ತಿದ್ದಳು. ಮದುವೆಯಾಗಿರಲಿಲ್ಲ. ಮನೆಯ ತಗಡಿನ ಸೂರು ಅವಳದ್ದು, ಫ್ರಿಜ್ಜು ಅವಳದ್ದು, ಲೋಲಾಳ ಬಿ.ಪಿ. ಮಾತ್ರೆ ಅವಳದ್ದು. ಇದನ್ನು ಅವಳು ಬಾಯಿ ಬಿಟ್ಟು ಹೇಳುತ್ತಿರಲಿಲ್ಲ. ಹೇಳುವ ಕೆಲಸವನ್ನು ಲೋಲಾ ವಹಿಸಿಕೊಂಡಿದ್ದಳು. ದಿಯೋನಿಂಗ್ ಪುರಸಭೆಯ ಆಂಬ್ಯುಲೆನ್ಸ್ ಓಡಿಸುತ್ತಿದ್ದ. ನೆನಿತಾ ಮನೆಯ ಮುಂದೆ, ಹೆದ್ದಾರಿಗೆ ಮುಖ ಮಾಡಿದ ಊಟದಂಗಡಿ ನಡೆಸುತ್ತಿದ್ದಳು. ಬಾಡಿಗೆ ಜೀಪು ಓಡಿಸುವವರೆಲ್ಲ ಮಧ್ಯಾಹ್ನ ಅಲ್ಲೇ ಉಣ್ಣುತ್ತಿದ್ದರು.

ಏಪ್ರಿಲ್‌ನಲ್ಲಿ ಫಲಿತಾಂಶ ಬಂದಿತ್ತು. ಫ್ಲೋರಮಿಗೆ ಮಿಯಾಗಾವ್‌ನ ಸರ್ಕಾರಿ ವಿಶ್ವವಿದ್ಯಾಲಯದಲ್ಲಿ ಬಯಾಲಜಿ ಸೀಟು. ಫೀಸಿಲ್ಲ. ಅವಳಿಗಿನ್ನೂ ಹದಿನೆಂಟು ತುಂಬಿರಲಿಲ್ಲವಾದ್ದರಿಂದ ಜೂನ್ ಮೊದಲ ವಾರದೊಳಗೆ ತಂದೆಯೋ ತಾಯಿಯೋ ಜೊತೆಗೆ ಬಂದು ಸೀಟು ಒಪ್ಪಿಕೊಳ್ಳಬೇಕಿತ್ತು. ಇಲ್ಲದಿದ್ದರೆ ಅದು ಮುಂದಿನವರಿಗೆ ಹೋಗುತ್ತಿತ್ತು. ಒಫೆಲಿಯಾ ಮೇ ತಿಂಗಳಲ್ಲಿ ಬಂದಿಳಿದವಳೇ ನಗರದ ಖಾಸಗಿ ಕಾಲೇಜಿಗೆ ಹೋಗಿ ನರ್ಸಿಂಗ್ ಸೀಟು ಮಾತಾಡಿಕೊಂಡು ಬಂದಿದ್ದಳು.

"ನರ್ಸಿಂಗ್‌ನಲ್ಲಿ ಆಸ್ಪತ್ರೆ ಡ್ಯೂಟಿ ಶುರುವಾದ ಮೇಲೆ ನಿದ್ದೆಗೂ ಟೈಮಿರಲ್ವಂತೆ," ಎಂದಳು ಫ್ಲೋರಮಿ. "ಎಂಟ್ರೆನ್ಸ್‌ಗೆ ಯಾವಾಗ ಓದೋದು?"

"ಯಾಕೆ, ನಾನು ಓದ್ಲಿಲ್ವಾ?"

"ನೀವು ಎಂಟ್ರೆನ್ಸ್ ಬರೆದ್ರಾ ತೀತಾ?"

ಒಫೆಲಿಯಾಳ ಬೆರಳು ಮೀನಿನ ಮೇಲೆ ನಿಂತಿತು.

"ಉಣ್ಣಿ, ಉಣ್ಣಿ, ಮೀನು ತಣ್ಣಗಾಗ್ತಿದೆ," ಎಂದಳು ಲೋಲಾ. ಒಣಮೀನು ತಣ್ಣಗಾಗುವುದೆಂದರೇನು ಎಂದು ಯಾರೂ ಕೇಳಲಿಲ್ಲ.

ಆ ಭಾನುವಾರ ಎಲ್ಲರೂ ಚರ್ಚಿನಿಂದ ಬರುವಷ್ಟರಲ್ಲಿ ಊಟದಂಗಡಿಯ ನೆತ್ತಿಗೆ ಫ್ಲೆಕ್ಸ್ ಏರಿತ್ತು. ಮಕ್ಕಳು ಪಾಸಾದರೆ ಫ್ಲೆಕ್ಸ್ ಕಟ್ಟದ ಮನೆ ಆ ಹೆದ್ದಾರಿಯಲ್ಲಿ ಇರಲಿಲ್ಲ. ಆದರೆ ಇದು ಎಲ್ಲಕ್ಕಿಂತ ದೊಡ್ಡದು. ಬಲಗಡೆ ಪದವಿಯ ಟೋಪಿ ಹಾಕಿದ ಫ್ಲೋರಮಿ. ಎಡಗಡೆ ಬಿಳಿ ಸಮವಸ್ತ್ರದ ಒಫೆಲಿಯಾ, ಫ್ಲೋರಮಿಗಿಂತ ಒಂದು ತಲೆ ದೊಡ್ಡದಾಗಿ. ಕೆಳಮೂಲೆಯಲ್ಲಿ ಬಡಾವಣೆಯ ಮುಖ್ಯಸ್ಥನ ನಗುಮುಖ. ಅವನು ಇದರಲ್ಲಿ ಏನೂ ಮಾಡಿರಲಿಲ್ಲ, ಆದರೆ ಅವನ ಮುಖವಿಲ್ಲದ ಫ್ಲೆಕ್ಸು ಊರಲ್ಲಿ ಮುದ್ರಣವಾಗುತ್ತಲೇ ಇರಲಿಲ್ಲ. ನಡುವೆ ಕೆಂಪು ಅಕ್ಷರ: ಅಭಿನಂದನೆಗಳು ಫ್ಲೋರಮಿ! ಬಿ.ಎಸ್. ನರ್ಸಿಂಗ್ (ಪ್ರೀ-ಮೆಡ್).

ಫ್ಲೋರಮಿ ರಸ್ತೆಯಲ್ಲೇ ನಿಂತಳು.

"ಪಾ, ಏನಿದು?"

"ಫ್ಲೆಕ್ಸು. ಕಾಣ್ತಿಲ್ವಾ?" ದಿಯೋನಿಂಗ್‌ಗೆ ಖುಷಿಯಾಗಿತ್ತು. "ಜಗಳ ಬಗೆಹರೀತು. ಮನಾಂಗ್ ಮಾತೂ ಇದೆ, ನಿನ್ನ ಮಾತೂ ಇದೆ."

ಅವನು ಅಕ್ಕನನ್ನು ಮನಾಂಗ್ ಎಂದೇ ಕರೆಯುತ್ತಿದ್ದ. ಅವನ ಹೆಂಡತಿಯೂ ಹಾಗೆಯೇ.

"ಅವರ ಮಾತು ಹೊರಗಿದೆ. ನನ್ನದು ಬ್ರಾಕೆಟ್‌ನಲ್ಲಿದೆ."

"ಓದೋರು ಎರಡನ್ನೂ ಓದ್ತಾರಲ್ಲ?"

"ಬ್ರಾಕೆಟ್‌ನಲ್ಲಿರೋದನ್ನ ಬಿಟ್ಟು ಓದಿದ್ರೂ ವಾಕ್ಯ ಪೂರ್ತಿಯಾಗುತ್ತೆ ಪಾ. ಅದಕ್ಕೇ ಅದನ್ನ ಬ್ರಾಕೆಟ್‌ನಲ್ಲಿ ಹಾಕೋದು."

"ಇಂದಾಯ್," ಎಂದಳು ಒಫೆಲಿಯಾ. ಮನೆಯ ಹೆಣ್ಣುಮಗುವನ್ನು ಮುದ್ದಿಗೆ ಕರೆಯುವ ಆ ಹೆಸರು ಅವಳ ಬಾಯಲ್ಲಿ ಎಚ್ಚರಿಕೆಯಂತೆ ಕೇಳಿಸಿತು. "ರಸ್ತೇಲಿ ವ್ಯಾಕರಣ ಬೇಡ. ಒಳಗೆ ನಡಿ."

ಮರುದಿನದಿಂದ ಊಟಕ್ಕೆ ಬಂದವರೆಲ್ಲ ಕತ್ತೆತ್ತಿ ಓದಿಯೇ ಕೂರುತ್ತಿದ್ದರು. ಜೀಪಿನ ಬೆರ್ತೊ ಸಾರು ಹೀರುತ್ತ ಕೇಳಿದ: "ನೆನಿತಾ, ಮಗಳು ಡಾಕ್ಟರಾ, ನರ್ಸಾ? ನನ್ನ ಮಂಡಿನೋವಿಗೆ ಯಾವಾಗ ಬರ್ಲಿ?"

"ಡಾಕ್ಟರಾದ್ರೆ ಹತ್ತು ವರ್ಷ, ನರ್ಸಾದ್ರೆ ನಾಲ್ಕು. ನಿನ್ನ ಮಂಡೀನ ಕೇಳ್ಕೊಂಡು ಬಾ," ಎಂದಳು ನೆನಿತಾ.

ಎಲ್ಲರೂ ನಕ್ಕರು. ಪಾತ್ರೆ ತೊಳೆಯುತ್ತಿದ್ದ ಫ್ಲೋರಮಿ ನಲ್ಲಿ ನಿಲ್ಲಿಸಿದಳು. ಅಡುಗೆಮನೆಯಿಂದ ಮೀನು ಕತ್ತರಿಸುವ ಕತ್ತರಿ ತಂದಳು. ಬೆಂಚಿನ ಮೇಲೆ ಪ್ಲಾಸ್ಟಿಕ್ ಕುರ್ಚಿ ಇಟ್ಟು ಹತ್ತಿ, ಉಣ್ಣುವವರ ತಲೆಯ ಮೇಲೆಯೇ, ಬಿ.ಎಸ್.ನಿಂದ ಹಿಡಿದು ಬ್ರಾಕೆಟ್ಟಿನ ಕೊನೆಯವರೆಗೆ ಒಂದು ಸಾಲನ್ನು ನೀಟಾಗಿ ಕತ್ತರಿಸಿ ತೆಗೆದಳು. ಫ್ಲೆಕ್ಸು ಉದ್ದನೆಯ ಬಾಯಿ ಬಿಟ್ಟುಕೊಂಡಿತು. ಅದರೊಳಗಿಂದ ತಗಡಿನ ಸೂರು ಕಂಡಿತು.

"ಅದು ಮೀನಿನ ಕತ್ತರಿ!" ಎಂದು ಕೂಗಿದಳು ನೆನಿತಾ. ಮೊದಲು ಬಾಯಿಗೆ ಬಂದದ್ದು ಅದೇ.

ಒಫೆಲಿಯಾ ಹೊರಗೆ ಬಂದಳು. "ಅದು ನನ್ನ ಮುಖ ಇರೋ ಫ್ಲೆಕ್ಸು."

"ನಿಮ್ಮ ಮುಖ ಮುಟ್ಟಿಲ್ಲ ತೀತಾ. ನನ್ನ ಕೋರ್ಸ್ ಮಾತ್ರ ತೆಗೆದೆ."

ದಿಯೋನಿಂಗ್ ಮಗಳ ಮೇಲೆ ಎಂದೂ ಕೈ ಮಾಡಿದವನಲ್ಲ. ಅವತ್ತು ಮಾಡಿದ. ಕೆನ್ನೆಯ ಮೇಲೆ ಬಿದ್ದ ಏಟಿನ ಸದ್ದಿಗೆ ಜೀಪಿನವರು ತಟ್ಟೆಗಳನ್ನು ನೋಡಿಕೊಂಡು ಕೂತರು. ಬೆರ್ತೊ ಮಾತ್ರ, "ಬಿಡು ದಿಯೋನಿಂಗ್, ಮಗು," ಎಂದ.

"ಸಾಕು," ಎಂದಳು ಒಫೆಲಿಯಾ. "ಮುಖ ಬಾತ್ರೆ ಅಡ್ಮಿಷನ್ ಫೋಟೋ ಹೇಗೆ ತೆಗೆಸೋದು?"

ದಿಯೋನಿಂಗ್ ಸಂಜೆ ಫ್ಲೆಕ್ಸ್ ಇಳಿಸಿ ಹಿತ್ತಲಿನ ಸೌದೆಯ ಮೇಲೆ ಹೊದಿಸಿದ.

ಫ್ಲೋರಮಿ ಮೇಜಿಗೆ ಬರುವುದನ್ನು ಬಿಟ್ಟಳು. ಎಲ್ಲರೂ ಉಂಡು ಎದ್ದ ಮೇಲೆ ಅಂಗಡಿಯ ಬೆಂಚಿನ ಮೇಲೆ ಒಬ್ಬಳೇ ಉಣ್ಣುತ್ತಿದ್ದಳು. ಲೋಲಾ ಕೇಳಿಸುವಂತೆ ಹೇಳುತ್ತಿದ್ದಳು: "ಡಾಕ್ಟರಮ್ಮ ನಮ್ಮ ಜೊತೆ ಉಣ್ಣಲ್ಲ. ನಾವು ಗಲೀಜು." ಒಫೆಲಿಯಾ ತನ್ನ ಬಟ್ಟೆಯನ್ನು ಫ್ಲೋರಮಿಯ ಕೈಗೆ ಕೊಡದೆ ನೆನಿತಾಳ ಕೈಗೆ ಕೊಡತೊಡಗಿದಳು. ಹೀಗಾಗಿ ಇಬ್ಬರ ಜಗಳದಲ್ಲಿ ಕೆಲಸ ಹೆಚ್ಚಿದ್ದು ಮೂರನೆಯವಳಿಗೆ.

ಒಂದು ಬೆಳಿಗ್ಗೆ ಅಂಗಡಿಯ ಮೆಟ್ಟಿಲಲ್ಲಿ ತಾಯಿ ಮಗಳು ನುಗ್ಗೆಸೊಪ್ಪು ಬಿಡಿಸುತ್ತ ಕೂತಿದ್ದರು.

"ಸುಮ್ಮನೆ ಹೂಂ ಅನ್ನು ಇಂದಾಯ್," ಎಂದಳು ನೆನಿತಾ. "ನರ್ಸಿಂಗ್ ಸೇರ್ಕೋ. ಆಮೇಲೆ ನೋಡೋಣ."

"ಯಾರು ನೋಡೋದು?"

"ನಾವೆಲ್ಲ."

"ನೀನು ಈಗ ಏನು ನೋಡ್ತಿದೀಯ ಮಾ?"

ನೆನಿತಾ ಕಡ್ಡಿಗಳನ್ನು ಒಟ್ಟುಗೂಡಿಸಿ ಎದ್ದಳು. "ಬೆಂಡೆಕಾಯಿ ಹೆಚ್ಚಬೇಕು," ಎಂದಳು.

ಮೇ ಮುಗಿಯುತ್ತ ಬಂತು. ಗುರುವಾರ ಊಟದ ಗಿರಾಕಿಗಳು ಹೋದ ಮೇಲೆ ಒಫೆಲಿಯಾ ಹಿತ್ತಲಲ್ಲಿ ಸ್ಟೂಲ್ ಹಾಕಿಕೊಂಡು ಕೂತಳು. ನೆನಿತಾ ಅವಳ ಕೂದಲಿಗೆ ಕಪ್ಪು ಬಣ್ಣ ಹಚ್ಚಬೇಕಿತ್ತು. ಪ್ರತಿ ರಜೆಯಲ್ಲೂ ಅದು ಅವಳ ಕೆಲಸವೇ. ಹೆಗಲಿಗೆ ಹಳೇ ಟವೆಲ್ ಹೊದಿಸಿ ಎಡಗಡೆಯಿಂದ ಶುರುಮಾಡಿದಳು. ಒಫೆಲಿಯಾ ತೊಡೆಯ ಮೇಲೆ ಫೋನ್ ಇಟ್ಟುಕೊಂಡು ಹಳೆಯ ಗೆಳತಿಯ ಜೊತೆ ಮಾತಾಡುತ್ತಿದ್ದಳು. ಆ ಗೆಳತಿ ಈಗ ಇಂಗ್ಲೆಂಡಿನಲ್ಲಿ ನರ್ಸು.

"ನಾಲ್ಕು ವರ್ಷ ಕಾಯಿ ಮಾರಾಯ್ತಿ," ಎನ್ನುತ್ತಿದ್ದಳು ಒಫೆಲಿಯಾ. "ಲೈಸೆನ್ಸ್ ಆದ ಕೂಡ್ಲೇ ಸೀದಾ ನಿನ್ನ ಹತ್ರಕ್ಕೆ ಕಳಿಸ್ತೀನಿ. ನನಗೂ ವಯಸ್ಸಾಯ್ತು, ನಾನು ವಾಪಸ್ ಬರ್ಬೇಕಲ್ಲ? ಈ ಮನೇನ ಎತ್ಕೊಳ್ಳೋಕೆ ಒಬ್ರು ಬೇಕು."

ಫೋನಿನೊಳಗಿಂದ ಗೆಳತಿ ಕೇಳಿದಳು: "ಹುಡುಗಿಗೆ ಡಾಕ್ಟರಾಗೋ ಆಸೆ ಅಂದಿದ್ದೆ?"

"ಮೊದಲ ಸಂಬಳ ಕೈಗೆ ಬರ್ಲಿ, ಮರೀತಾಳೆ. ಎಲ್ಲರೂ ಮರೀತಾರೆ."

ಕುಂಚ ನಿಂತಿತು. ಫೋನ್ ಮಾತು ಮುಗಿಯುವವರೆಗೆ ನೆನಿತಾ ಕಾದಳು.

"ಮನಾಂಗ್, ಹಾಗಾದ್ರೆ ಮೆಡಿಸಿನ್?"

"ಯಾವ ಮೆಡಿಸಿನ್?"

"ನರ್ಸಿಂಗ್ ಆದ ಮೇಲೆ ಅಂದಿದ್ರಲ್ಲ. ಫ್ಲೆಕ್ಸ್ ಮೇಲೂ ಹಾಕಿಸಿದ್ರಿ."

ಒಫೆಲಿಯಾ ತಿರುಗಿ ನೋಡಿದಳು. "ನಿನಗೆ ಗೊತ್ತಿರ್ಲಿಲ್ವಾ ನೆನ್? ನಿಜ ಹೇಳು. ನಿನಗೂ ಗೊತ್ತು, ದಿಯೋನಿಂಗ್‌ಗೂ ಗೊತ್ತು, ಮನೆ ಬೆಕ್ಕಿಗೂ ಗೊತ್ತು. ಹುಡುಗಿ ಹಟ ಬಿಡ್ಲಿ ಅಂತ ಒಂದು ಮಾತು. ಹ್ಞೂಂ, ಬಲಗಡೆ ಹಚ್ಚು, ಎಡಗಡೆ ಒಣಗ್ತಿದೆ."

ನೆನಿತಾ ಕೈಗವಸು ಕಳಚಿ ಬಣ್ಣದ ಬಟ್ಟಲಿನ ಮೇಲೆ ಇಟ್ಟಳು. ಮನೆಯೊಳಗೆ ಹೋದಳು.

"ನೆನ್! ಏಯ್! ಅರ್ಧಕ್ಕೆ ಬಿಟ್ಟು ಎಲ್ಲಿಗೆ?"

ಆ ಸಂಜೆ ಒಫೆಲಿಯಾ ಊಟಕ್ಕೆ ಬಂದಾಗ ಅವಳ ತಲೆಯ ಎಡಭಾಗ ಕಪ್ಪಗೆ ಮಿಂಚುತ್ತಿತ್ತು, ಬಲಭಾಗ ಬೂದಿ. ಯಾರಿಗೂ ನಗುವ ಧೈರ್ಯವಿರಲಿಲ್ಲ. ತೊಗರಿಕಾಳು, ಹಂದಿಮಾಂಸ, ಎಳೆ ಹಲಸು ಹಾಕಿದ ಸಾರು ಮೇಜಿನ ನಡುವೆ ಹೊಗೆಯಾಡುತ್ತಿತ್ತು. ನೆನಿತಾ ಬಡಿಸಲಿಲ್ಲ. ಅಂಗಡಿಯಿಂದ ಫ್ಲೋರಮಿಯನ್ನು ಕೈಹಿಡಿದು ಕರೆತಂದು ಕೂರಿಸಿ, ಪಕ್ಕದಲ್ಲಿ ತಾನೂ ಕೂತಳು.

"ನಾಳೆ ಇಂದಾಯ್ ಜೊತೆ ಮಿಯಾಗಾವ್‌ಗೆ ಹೋಗ್ತೀನಿ," ಎಂದಳು. "ಸೀಟು ಒಪ್ಕೊಳ್ಳೋಕೆ."

ದಿಯೋನಿಂಗ್ ಚಮಚ ಇಟ್ಟ. "ಯಾರನ್ನ ಕೇಳಿ?"

"ನಿಮ್ಮನ್ನ ಕರೆದ್ರೆ ನೀವು ಬರಲ್ಲ. ಅದಕ್ಕೆ ಕೇಳ್ಲಿಲ್ಲ."

"ಮನಾಂಗ್ ಎದುರಿಗೆ ಹೀಗೆ ಮಾತಾಡ್ತೀಯಾ?"

"ಮಾತಾಡ್ಲಿ ಬಿಡು," ಎಂದಳು ಒಫೆಲಿಯಾ. "ನೀನಂತೂ ಮಾತಾಡೋ ಹಾಗಿಲ್ಲ. ನನ್ನ ದುಡ್ಡಲ್ಲಿ ಹಡಗಿನ ಕೋರ್ಸ್ ಸೇರಿ, ಹಡಗು ಹತ್ತೋಕೆ ಮುಂಚೆ ಇವಳ ಮನೆ ಮೆಟ್ಟಿಲು ಹತ್ತಿದವನು."

ದಿಯೋನಿಂಗ್ ಮುಖ ಕೆಂಪಾಯಿತು. ನೆನಿತಾ ತಟ್ಟೆಯಿಂದ ಕಣ್ಣು ಎತ್ತಲಿಲ್ಲ. ಅನ್ನ ಬಡಿಸಿಕೊಂಡಳು, ಮಗಳಿಗೂ ಬಡಿಸಿದಳು.

ಲೋಲಾಗೆ ತಡೆದುಕೊಳ್ಳಲಾಗಲಿಲ್ಲ. "ಸೊಸೆ ತೀರ್ಮಾನ ಹೇಳೋ ಮೇಜಲ್ಲ ಇದು! ನರ್ಸಿಂಗ್ ಓದಿ ಒಫೆಲಿಯಾ ಕೆಟ್ಟುಹೋದ್ಲಾ? ಅವಳೂ ಇದೇ ಹಟ ಮಾಡಿದ್ಲು, ಡಾಕ್ಟರಾಗ್ತೀನಿ, ಡಾಕ್ಟರಾಗ್ತೀನಿ. ಅವಳಿಗೂ ಪ್ರೀ-ಮೆಡ್ ಅಂತ್ಲೇ ಹೇಳಿ ಸೇರಿಸಿದ್ದು. ಸ್ವಲ್ಪ ದಿನ ಅತ್ಲು. ಆಮೇಲೆ ಸರಿಹೋಯ್ತು."

"ಸರಿಹೋಯ್ತು ಅಂತ ನಿನಗೆ ಯಾರು ಹೇಳಿದ್ದು?"

ಅಷ್ಟು ಮೆಲ್ಲಗೆ ಒಫೆಲಿಯಾ ಮಾತಾಡಿದ್ದನ್ನು ಆ ಮನೆಯಲ್ಲಿ ಯಾರೂ ಕೇಳಿರಲಿಲ್ಲ.

"ಆಗಿಲ್ವಾ ಮತ್ತೆ? ಚಿನ್ನದ ಬಳೆ, ಸೂಟ್‌ಕೇಸು..."

"ಎಂಟ್ರೆನ್ಸ್‌ಗೆ ಹೆಸರು ಕೊಟ್ಟಿದ್ದೆ ಮಾ. ನಿನಗೆ ನೆನಪಿದೆಯಾ? ದಿಯೋನಿಂಗ್ ಕೋರ್ಸ್ ಮುಗೀಲಿ, ಆಮೇಲೆ ನೀನು ಅಂದೆ. ಅವನು ಮುಗಿಸ್ಲಿಲ್ಲ. ಸೂರು ಆಗ್ಲಿ, ಆಮೇಲೆ ಅಂದೆ. ಸೂರಾಯ್ತು. ಆಮೇಲೆ ನೀನು ಆ ಮಾತೇ ಎತ್ತಲಿಲ್ಲ. ನಾನೂ ಕೇಳ್ಲಿಲ್ಲ. ಅಲ್ಲಿ ಇಪ್ಪತ್ತೈದರ ಹುಡುಗ ಡಾಕ್ಟರುಗಳು 'ಸಿಸ್ಟರ್, ಬೇಗ' ಅಂತ ಚಿಟಿಕೆ ಹೊಡೀತಾರೆ. ಅವರು ಬರೆದ ತಪ್ಪು ಔಷಧಿನ ನಾನು ಮೆತ್ತಗೆ ಸರಿಮಾಡಿಸ್ತೀನಿ, ಅವರ ಮರ್ಯಾದೆ ಹೋಗದ ಹಾಗೆ. ಸರಿಹೋಯ್ತಂತೆ!"

ದಿಯೋನಿಂಗ್ ತೊಗರಿಕಾಳುಗಳನ್ನು ತಟ್ಟೆಯ ಒಂದು ಕಡೆಯಿಂದ ಇನ್ನೊಂದು ಕಡೆಗೆ ತಳ್ಳುತ್ತಿದ್ದ.

ಫ್ಲೋರಮಿ ಮುಂದೆ ಬಾಗಿದಳು. ವಾರಗಳ ನಂತರ ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. "ಹಾಗಿದ್ರೆ ತೀತಾ, ನೀವೇ ಇವರಿಗೆ ಹೇಳಿ."

"ಹೇಳ್ತೀನಿ. ನರ್ಸಿಂಗ್."

"ಯಾಕೆ?"

"ಯಾಕೆ ಅಂದ್ರೆ ನಾನು ಬದುಕಿದೀನಿ, ನೀನೂ ಬದುಕ್ತೀಯ! ನಾನು ನಡೆದ ದಾರಿ ನಿನ್ನ ಕಾಲಿಗೆ ಚುಚ್ಚುತ್ತಾ? ನೀನು ಇಲ್ಲಿಂದ ಜೀಪು ಹತ್ತಿ ಹೋಗಿ ಡಾಕ್ಟರಾಗಿ ಬಂದ್ಬಿಟ್ರೆ, ಇಷ್ಟು ಸುಲಭ ಇತ್ತು ಅಂತಾದ್ರೆ, ನಾನು ಯಾರು? ಈ ಮನೇಲಿ ಮೋಸಹೋದ ದಡ್ಡಿ. ಅಷ್ಟೇ."

"ಅದು ನನ್ನ ತಪ್ಪಾ?" ಎಂದಳು ಫ್ಲೋರಮಿ.

"ಅಲ್ಲ," ಎಂದಳು ಒಫೆಲಿಯಾ. "ಆದ್ರೂ."

ಅವಳು ತಟ್ಟೆಯನ್ನು ತೆಗೆದುಕೊಂಡು ಹೋಗಿ ಅಡುಗೆಮನೆಯಲ್ಲಿ ತಾನೇ ತೊಳೆದಳು. ರಜೆಗೆ ಬಂದಾಗಿನಿಂದ ಅದು ಮೊದಲನೇ ಸಲ.

ಬೆಳಿಗ್ಗೆ ಅಂಗಡಿ ತೆರೆಯಲಿಲ್ಲ. ದಿಯೋನಿಂಗ್ ಅಂಗಳದಲ್ಲಿ ಆಂಬ್ಯುಲೆನ್ಸಿನ ಗಾಜು ಒರೆಸುತ್ತಿದ್ದ. ತಾಯಿ ಮಗಳು ಅವನ ಮುಂದೆಯೇ ಹೊರಟರು. ಅವನು ಅದೇ ಗಾಜನ್ನು ಇನ್ನೊಮ್ಮೆ ಒರೆಸಿದ.

ವಿಶ್ವವಿದ್ಯಾಲಯದ ಕಚೇರಿಯಲ್ಲಿ ಸಾಲು ಉದ್ದಕ್ಕಿತ್ತು. ಬೇರೆ ಮಕ್ಕಳ ಜೊತೆ ಅಪ್ಪ, ಅಮ್ಮ, ಅಜ್ಜಿ, ಚಿಕ್ಕಪ್ಪ ಎಲ್ಲ ಬಂದಿದ್ದರು, ಬುತ್ತಿಯೂ ತಂದಿದ್ದರು. ನೆನಿತಾ ಅಡುಗೆಯ ವಾಸನೆ ಹತ್ತಿದ್ದ ಕೈಚೀಲವನ್ನು ಎದೆಗೆ ಒತ್ತಿಕೊಂಡು ನಿಂತಳು. ಸರದಿ ಬಂದಾಗ ತನ್ನ ಹೆಸರನ್ನು ನಿಧಾನವಾಗಿ ಬರೆದು, ಪೆನ್ನು ವಾಪಸ್ ಕೊಡದೆ ಕೇಳಿದಳು:

"ಇದನ್ನ ಆಮೇಲೆ ಮನೆಯವರು ಯಾರಾದ್ರೂ ಬಂದು ರದ್ದು ಮಾಡಿಸಬಹುದಾ?"

ಕಿಟಕಿಯ ಹಿಂದಿನ ಹೆಂಗಸು ತಲೆ ಎತ್ತಿದಳು. "ಯಾರು ಮೇಡಂ?"

"ಯಾರಾದ್ರೂ. ದೊಡ್ಡವರು. ಫೋನ್ ಮಾಡಿ, ಅಥವಾ ಸಿಟ್ಟು ಮಾಡಿ."

"ಇಲ್ಲ. ನಿಮ್ಮ ಮಗಳು ತಾನೇ ಬಂದು ಬೇಡ ಅಂದ್ರೆ ಮಾತ್ರ."

"ಇನ್ನೊಂದ್ಸಲ ಹೇಳಿ, ಅವಳಿಗೂ ಕೇಳ್ಸಲಿ."

ಹೆಂಗಸು ಇನ್ನೊಮ್ಮೆ ಹೇಳಿದಳು. ಆಗ ನೆನಿತಾ ಪೆನ್ನು ಕೊಟ್ಟಳು.

ವಾಪಸು ಬರುವಾಗ ಬೆರ್ತೊನ ಜೀಪೇ ಸಿಕ್ಕಿತು. ಇಬ್ಬರೂ ಹಿಂದಿನ ಬೆಂಚಿನಲ್ಲಿ ಮಂಡಿಗೆ ಮಂಡಿ ತಾಗಿಸಿ ಕೂತರು. ಜೀಪು ಗುಯಿಂಬಾಲ್ ಊರನ್ನು ದಾಟಿತು.

"ಪ್ರೀ-ಮೆಡ್ ಅನ್ನೋದು ಸುಳ್ಳು ಅಂತ ನಿನಗೂ ಗೊತ್ತಿತ್ತು," ಎಂದಳು ಫ್ಲೋರಮಿ.

"ಗೊತ್ತಿತ್ತು."

"ಮೊದಲ ದಿನದಿಂದ?"

"ಮೊದಲ ದಿನದಿಂದ."

"ಆದ್ರೂ ನುಗ್ಗೆಸೊಪ್ಪು ಬಿಡಿಸ್ತಾ ಹೂಂ ಅನ್ನು ಅಂದೆ."

"ಅಂದೆ. ಹೊಡೀಬೇಕು ಅನ್ಸಿದ್ರೆ ಹೊಡಿ."

"ಜೀಪಲ್ಲಾ?"

"ಇಳಿದ ಮೇಲೆ."

"ನನ್ನ ಜೀಪಲ್ಲಿ ಹೊಡೆದಾಡಿದ್ರೆ ಇಬ್ರಿಗೂ ಡಬಲ್ ಚಾರ್ಜು," ಎಂದು ಮುಂದಿನಿಂದ ಬೆರ್ತೊ ಕೂಗಿದ. ಇಬ್ಬರೂ ನಗಲಿಲ್ಲ. ಆದರೆ ಇಳಿಯುವಾಗ ಫ್ಲೋರಮಿ ತಾಯಿಯ ಕೈಚೀಲವನ್ನು ತಾನೇ ಹಿಡಿದುಕೊಂಡಳು.

ಒಫೆಲಿಯಾ ಬೇಗನೆ ಹೊರಡಲು ಟಿಕೆಟ್ ಬದಲಾಯಿಸಿಕೊಂಡಳು. ಇನ್ನೂ ಎರಡು ವಾರ ರಜೆಯಿತ್ತು. ಏರ್‌ಪೋರ್ಟಿಗೆ ಹೋಗಲು ಬಾಡಿಗೆ ವ್ಯಾನ್ ಬಂತು. ದಿಯೋನಿಂಗ್ ಸೂಟ್‌ಕೇಸುಗಳನ್ನು ಏರಿಸಿ ಮುಂದಿನ ಸೀಟಿನಲ್ಲಿ ಕೂತ. ಒಫೆಲಿಯಾ ಪೇಟೆಯಲ್ಲಿ ಕೂದಲು ಮೋಟಾಗಿ ಕತ್ತರಿಸಿಕೊಂಡು ಬಂದಿದ್ದಳು. ಕಪ್ಪಿರಲಿಲ್ಲ, ಪೂರ್ತಿ ಬೂದಿ ಬಣ್ಣವೇ. ತಾಯಿಯ ಹತ್ತಿರ ಹೋಗದೆ ನೇರ ವ್ಯಾನಿನ ಬಾಗಿಲಿಗೆ ನಡೆದಳು. ಲೋಲಾ ಜಗಲಿಯಲ್ಲಿ ಕೋಲು ಹಿಡಿದು ನಿಂತಿದ್ದಳು.

ಫ್ಲೋರಮಿ ಹೋಗಿ ಕೈ ಚಾಚಿದಳು. ಹಿರಿಯರ ಕೈ ಹಿಡಿದು ಹಣೆಗೆ ಒತ್ತಿಕೊಳ್ಳದೆ ಬೀಳ್ಕೊಡುವ ಪದ್ಧತಿ ಅಲ್ಲಿರಲಿಲ್ಲ. ಒಫೆಲಿಯಾ ಕೈ ಕೊಡಲಿಲ್ಲ.

"ಫೇಲಾದ್ರೆ ನನಗೆ ಫೋನ್ ಮಾಡಬೇಡ," ಎಂದಳು.

"ಸರಿ ತೀತಾ."

"ಪಾಸಾದೆ, ಫಸ್ಟ್ ಬಂದೆ ಅಂತಾನೂ ಮಾಡಬೇಡ. ಡಾಕ್ಟರಾದ ದಿನ ಮಾಡು. ಅಲ್ಲೀತನಕ ನನ್ನ ಸಿಟ್ಟಿಗೆ ಅಡ್ಡ ಬರಬೇಡ. ಸಿಟ್ಟು ಮಾಡ್ಕೊಳ್ಳೋಕೆ ನನಗೆ ಈಗ ತಾನೇ ಪುರುಸೊತ್ತು ಸಿಕ್ಕಿದೆ."

ಬಾಗಿಲು ಎಳೆದುಕೊಂಡಳು. ವ್ಯಾನ್ ಹೆದ್ದಾರಿಗೆ ತಿರುಗಿತು.

"ಏನಂದ್ಲು?" ಎಂದು ಜಗಲಿಯಿಂದ ಕೇಳಿದಳು ಲೋಲಾ.

"ಸಿಟ್ಟಲ್ಲಿದ್ದಾರಂತೆ, ಲೋಲಾ."

"ಇರ್ದೇ ಇನ್ನೇನು! ಸಾಕಿ ಸಲಹಿದವಳ ಮಾತು ಮೀರಿದ್ರೆ ಸಿಟ್ಟು ಬರಲ್ವಾ? ನಿನ್ನ ಮೇಲೆ ಸಿಟ್ಟಿರೋದು ನ್ಯಾಯ."

"ಅವಳ ಮೇಲಲ್ಲ," ಎಂದಳು ನೆನಿತಾ. ಅಂಗಡಿಯ ಬೆಂಚು ಒರೆಸುತ್ತಿದ್ದವಳು ಬಟ್ಟೆಯನ್ನು ಹಿಂಡಿ ಹಗ್ಗದ ಮೇಲೆ ಹಾಕಿದಳು. "ನಿಮ್ಮ ಮೇಲೆ."

"ನನ್ನ ಮೇಲಾ?" ಮುದುಕಿಯ ಕೋಲು ನೆಲಕ್ಕೆ ಬಡಿಯಿತು. "ನಾನೇನು ಮಾಡ್ದೆ?"

ನೆನಿತಾ ಒಂದು ಪ್ಲಾಸ್ಟಿಕ್ ಕುರ್ಚಿ ಎಳೆದು ಅತ್ತೆಯ ಹಿಂದೆ ಇಟ್ಟಳು. ಇನ್ನೊಂದನ್ನು ಎಳೆದು ಅದರ ಎದುರಿಗೆ ಇಟ್ಟು ತಾನು ಕೂತಳು.

"ಕೂತ್ಕೊಳ್ಳಿ," ಎಂದಳು. "ಹೇಳ್ತೀನಿ."